ಒಂದು ಕೀ, ಮೂರು ಸಾಲು: ಪೈಥಾನ್ ಮೇಡಂಗೆ ಕೇಳಿ

ಬನಶಂಕರಿ: ಮೇಡಂ, ನಮ್ಮ ಅಪಾರ್ಟ್‌ಮೆಂಟಿನ ಬಾಡಿಗೆದಾರರ ವಿವರ ಟೆಕ್ಸ್ಟ್ ಫೈಲಿನಲ್ಲಿದೆ. ‘ಹೆಸರು:’, ‘ವಿಳಾಸ:’, ‘ಫೋನ್:’, ‘ಷರಾ:’ ಅಂತ. ವಿಳಾಸ ಮೂರು ಸಾಲು ಇದ್ದರೂ ಮೊದಲನೇದು ಮಾತ್ರ ಸಿಗುತ್ತೆ.

ಉತ್ತರ: ಈಗ ಯಾವ ಕೀ (ಕೋಲನ್‌ಗೆ ಮುಂಚಿನ ಪದ) ನಡೀತಿದೆ ಅಂತ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಸಾಲಿನಲ್ಲಿ ಹೊಸ ಕೀ ಇಲ್ಲದಿದ್ದರೆ ಅದನ್ನು ಹಳೇ ಕೀಗೇ ಸೇರಿಸಿ. ಖಾಲಿ ಸಾಲು ಬಂದರೆ ರೆಕಾರ್ಡ್, ಅಂದರೆ ಒಬ್ಬರ ವಿವರ, ಮುಗೀತು. ಲೂಪ್ ಮುಗಿದ ಮೇಲೆ ಕೊನೇ ರೆಕಾರ್ಡ್ ಸೇರಿಸೋದು ಮರೀಬೇಡಿ. ಅದರ ನಂತರ ಖಾಲಿ ಸಾಲು ಇಲ್ಲದೇ ಇರಬಹುದು.

ಯಲಹಂಕ: ‘ಸಮಯ: 10:30’ ಅನ್ನೋದನ್ನ ಕೋಲನ್ ಕಂಡಲ್ಲೆಲ್ಲ ಕತ್ತರಿಸೋ ಸ್ಪ್ಲಿಟ್ ಮೂರು ತುಂಡು ಮಾಡುತ್ತೆ.

ಉತ್ತರ: ಪಾರ್ಟಿಷನ್ ಬಳಸಿ. ಮೊದಲ ಕೋಲನ್‌ನಲ್ಲಿ ಮಾತ್ರ ಕತ್ತರಿಸುತ್ತೆ.

ಬನಶಂಕರಿ: ಷರಾದ ಎರಡನೇ ಸಾಲಲ್ಲಿ ‘ಪುನ: ಕರೆ ಮಾಡಬೇಕು’ ಅಂತಿದೆ. ‘ಪುನ’ ಅನ್ನೋ ಕೀ ಬಂದುಬಿಟ್ಟಿದೆ!

ಉತ್ತರ: ನನಗೆ ಭಯ ಇರೋದು ಇದರದ್ದೇ. ಎರರ್ ಬರಲ್ಲ, ಪ್ರೋಗ್ರಾಂ ಸಲೀಸಾಗಿ ಓಡುತ್ತೆ, ಡೇಟಾ ಮಾತ್ರ ತಪ್ಪು ಜಾಗಕ್ಕೆ ಹೋಗಿರುತ್ತೆ. ಟೈಪ್ ಮಾಡಿದವರು ವಿಸರ್ಗದ ಬದಲು ಕೋಲನ್ ಒತ್ತಿದ್ದಾರೆ. ಕಣ್ಣಿಗೆ ಎರಡೂ ಒಂದೇ ಥರ. ಯೂನಿಕೋಡ್‌ನಲ್ಲಿ ವಿಸರ್ಗದ ನಂಬರ್ 3203, ಕೋಲನ್‌ದು 58. ನಿಮ್ಮ ಕೀಗಳ ಪಟ್ಟಿ ಮಾಡಿ. ಕೋಲನ್‌ಗೆ ಮುಂಚೆ ಇರೋದು ಪಟ್ಟಿಯಲ್ಲಿದ್ದರೆ ಮಾತ್ರ ಹೊಸ ಕೀ. ಅಷ್ಟಕ್ಕೇ ಬಿಡಬೇಡಿ. ಯಾರಾದರೂ ‘ಪೋನ್:’ ಅಂತ ಬರೆದಿದ್ದರೆ ಆ ನಂಬರ್ ವಿಳಾಸದೊಳಗೆ ಸೇರಿಹೋಗುತ್ತೆ. ಪಟ್ಟಿಯಲ್ಲಿಲ್ಲದ ಕೋಲನ್ ಸಾಲುಗಳನ್ನೆಲ್ಲ ಸಾಲಿನ ನಂಬರ್ ಸಮೇತ ಪ್ರಿಂಟ್ ಮಾಡಿ, ಕೂತು ನೋಡಿ. ಇನ್ನು ಮುಂದೆ, ಮುಂದುವರಿದ ಸಾಲಿನ ಮೊದಲು ಒಂದು ಸ್ಪೇಸ್ ಬಿಡೋಕೆ ಹೇಳಿ. ಇಮೇಲ್ ಹೆಡರ್‌ನಲ್ಲೂ ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ ವಿವರ ಇರೋ ಕಂಟ್ರೋಲ್ ಫೈಲಿನಲ್ಲೂ ಇದೇ ನಿಯಮ. ಆ ಸ್ಪೇಸ್ ನೋಡೋಕೆ ಮುಂಚೆ ಸ್ಟ್ರಿಪ್ ಮಾಡಿ ಅಂಚಿನ ಸ್ಪೇಸ್ ತೆಗೀಬೇಡಿ.

ರಾಜಾಜಿನಗರ: ಕರ್ಲಿ ಬ್ರಾಕೆಟ್ ಹಾಕಿ ಎವಾಲ್‌ಗೆ ಕೊಟ್ಟರೆ ಡಿಕ್ಷನರಿ (ಕೀ ಮತ್ತು ಅದರ ವ್ಯಾಲ್ಯೂ ಜೋಡಿಗಳು) ರೆಡಿ ಅಂತ ಫಾರ್ವರ್ಡ್ ಬಂದಿದೆ.

ಉತ್ತರ: ಬೇಡವೇ ಬೇಡ. ಎವಾಲ್ ಡೇಟಾ ಓದೋದಿಲ್ಲ, ಅದನ್ನ ಕೋಡ್ ಅಂತ ಓಡಿಸುತ್ತೆ. ಯಾರಾದರೂ ಫೈಲ್ ಅಳಿಸೋ ಕೋಡ್ ಸೇರಿಸಿದ್ದರೆ ಅದೂ ಓಡುತ್ತೆ. ಇದನ್ನ ಇಲ್ಲಿ ಮತ್ತೆ ಹಾಕಬೇಡಿ.

ವೈಟ್‌ಫೀಲ್ಡ್: ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕೋ ಸೂತ್ರ) ಸಾಕು. ಇಷ್ಟುದ್ದ ಲೂಪ್ ಯಾಕೆ?

ಯಲಹಂಕ: ಆರು ತಿಂಗಳು ಬಿಟ್ಟು ಆ ರೆಜೆಕ್ಸ್ ನೀವೇ ಓದಿ ನೋಡಿ.

ವೈಟ್‌ಫೀಲ್ಡ್: ಬರದಿದ್ರೆ ಕಲೀರಿ.

ಮಲ್ಲೇಶ್ವರ: ಫೈಲನ್ನ ಜೇಸನ್ (ಡೇಟಾ ಬರೆಯೋ ಒಂದು ನಿಗದಿತ ಫಾರ್ಮ್ಯಾಟ್) ಮಾಡಿ ಅಂದ್ರೆ ಯಾರೂ ಕೇಳಲ್ಲ.

ಬನಶಂಕರಿ: ಟೈಪ್ ಮಾಡೋದು ಗೇಟಿನ ಸೆಕ್ಯುರಿಟಿಯವರು ರೀ. ಜೇಸನ್ ನೀವು ಬಂದು ಬರೆದುಕೊಡ್ತೀರಾ?

ಕೆಂಗೇರಿ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್ ಇದೆ, ಯೂನಿಕೋಡ್ ಅಲ್ಲ. ಅದಕ್ಕೂ ಇದೇ ಕೋಡ್ ನಡೆಯುತ್ತಾ?

ಮಲ್ಲೇಶ್ವರ: ಜೇಸನ್ ಬರೆದುಕೊಡೋದು ನನ್ನ ಕೆಲಸ ಅಲ್ಲ.

ವಿಜಯನಗರ: ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ ಫೈಲ್. ಮೊದಲನೇ ಕೀ ಮಾತ್ರ ಮ್ಯಾಚ್ ಆಗ್ತಿಲ್ಲ.

ಉತ್ತರ: ಶುರುವಿನಲ್ಲಿ ಬಿಓಎಂ ಅನ್ನೋ ಕಣ್ಣಿಗೆ ಕಾಣದ ಗುರುತು ಇರಬೇಕು. ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಕೊಟ್ಟು ತೆಗೀರಿ.

ಜಯನಗರ: ವ್ಯಾಲ್ಯೂ ಒಳಗೇ ಕೋಲನ್ ಇದ್ದರೆ ಏನ್ಮಾಡೋದು ಮೇಡಂ?

ಉತ್ತರ: ಪಾರ್ಟಿಷನ್. ಮೇಲೆ ಓದಿ.