ಅಪ್‌ಡೇಟ್: ರಾಯಚೂರಿನ ಮನಿಗೆ ಕೊನಿಗೂ ಸಾಗವಾನಿ ಹಾಕ್ಸಿದ್ವಿ

ಸಂಕ್ರಾಂತಿ ಹೊತ್ತಿಗೆ ಕೇಳಿದ್ನಲ್ರಿ, ಮ್ಯಾಲಿನ ರೂಮಿನ ನೆಲಕ್ಕ ಸಾಗವಾನಿ, ಮತ್ತಿ, ಹೊನ್ನೆ ಯಾವ ಕಟ್ಟಿಗಿ ಛಲೋ ಅಂತ. ಮತ್ತಿ ಭಾಳ ಗಟ್ಟಿ ಖರೆ, ಆದ್ರ ಒಣಗುವಾಗ ಸೀಳ್ತೈತಿ ಅಂತ ಬಡಿಗ್ಯಾರು ಬ್ಯಾಡ ಅಂದ್ರು. ಹೊನ್ನೆ ತುಂಡು ಒಂದು ರಾತ್ರಿ ನೀರಾಗ ಇಟ್ವಿ, ಮುಂಜಾನಿ ನೋಡಿದ್ರ ನೀರೆಲ್ಲಾ ಹಳದಿ ಆಗಿ ಬಿಳಿ ಅರಿವಿಗೂ ಕಲಿ ಹತ್ತಿತ್ತು, ದಿನಾ ನೆಲ ಒರೆಸೋ ಅವ್ವ ಇದು ಬ್ಯಾಡೇ ಬ್ಯಾಡ ಅಂದ್ಲು. ಸಾಗವಾನಿ ರೆಡ್ ಓಕ್ ಅನ್ನೋ ಅಮೆರಿಕದ ಕಟ್ಟಿಗಿಗಿಂತ ಮೆತ್ತಗ, ಮಂಚದ ಕಾಲಿನ ಗುರುತು ಆಗ್ಲೇ ಬಿದ್ದಾವು, ಆದ್ರ ಹಿಗ್ಗೋದು ಕುಗ್ಗೋದು ಕಮ್ಮಿ, ನಮ್ಮ ಬಿಸಿಲಿಗೆ ಅದೇ ಮುಖ್ಯ. ನೀವು ಹೇಳಿದಂಗ ಹಲಗಿ ಅಲ್ಲಿನ ಹವಾಕ್ಕ ಹೊಂದ್ಲಿ ಅಂತ 3 ವಾರ ಅದೇ ರೂಮಿನ್ಯಾಗ ಇಟ್ಟು, ಹಿಗ್ಗಾಕ ಜಾಗ ಇರ್ಲಿ ಅಂತ ಗ್ವಾಡಿ ಬದಿಗೆ 10 ಎಂಎಂ ಗ್ಯಾಪ್ ಬಿಟ್ಟು ಕೂರ್ಸಿದ್ವಿ. ಬ್ಯಾಸಿಗಿ ಮುಗ್ದು ಮಳಿನೂ ಬಂತು, ಸಂದಿಯೊಳಗ ಇನ್ನೂ ಪೋಸ್ಟ್‌ಕಾರ್ಡ್ ಸೈತ ತೂರಂಗಿಲ್ರಿ. ಹೇಳಿಕೊಟ್ಟ ಎಲ್ಲಾರಿಗೂ ಶರಣು.