ಸೆನ್ಸರ್ ಕಲರ್ ಗೇನ್‌ಗೆ ನಾಲ್ಕು ಕಂಟ್ರೋಲ್ ಕೊಡ್ಬೇಕಾ, ಎರಡು ಸಾಕಾ?

ಪಿಕ್ಸೆಲ್_ಪಯಣ:
ಎಲ್ರಿಗೂ ನಮಸ್ಕಾರ. ಒಂದು 10 ಬಿಟ್ (ಪಿಕ್ಸೆಲ್ ಬೆಲೆ 0ರಿಂದ 1023) ಬೇಯರ್ ಕ್ಯಾಮೆರಾ ಸೆನ್ಸರ್‌ಗೆ, ಅಂದ್ರೆ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದೇ ಬಣ್ಣ ಅಳೆಯೋ ಸೆನ್ಸರ್‌ಗೆ, ಲಿನಕ್ಸ್ ಡ್ರೈವರ್ ಬರೀತಿದೀನಿ. ಸೆನ್ಸರ್ ಒಳಗೇ ರೆಡ್, ಜಿಆರ್, ಜಿಬಿ (ಇವೆರಡೂ ಗ್ರೀನೇ), ಬ್ಲೂ ಅಂತ ನಾಲ್ಕು ಡಿಜಿಟಲ್ ಗೇನ್ (ಆ ಬಣ್ಣನ ಎಷ್ಟು ಪಟ್ಟು ಮಾಡ್ಬೇಕು ಅನ್ನೋ) ರಿಜಿಸ್ಟರ್ ಇವೆ, 256 ಬರೆದ್ರೆ 1 ಪಟ್ಟು, 512 ಬರೆದ್ರೆ 2 ಪಟ್ಟು. ಲಿನಕ್ಸ್‌ನ ಕ್ಯಾಮೆರಾ ಇಂಟರ್‌ಫೇಸ್ ಆದ ವಿ4ಎಲ್2ನಲ್ಲಿ ರೆಡ್ ಬ್ಯಾಲೆನ್ಸ್, ಬ್ಲೂ ಬ್ಯಾಲೆನ್ಸ್ ಅಂತ ಹಳೇ ಕಂಟ್ರೋಲ್ ಎರಡಿವೆ, ಅದು ಸಾಲಲ್ಲ ಅಂತ ನಾಲ್ಕು ಕಸ್ಟಮ್ ಕಂಟ್ರೋಲ್ ಮಾಡಿ ಆ್ಯಪ್‌ನಲ್ಲೂ ನಾಲ್ಕು ಸ್ಲೈಡರ್ ಇಟ್ಟೆ. ಈಗ ವೈಟ್ ಬ್ಯಾಲೆನ್ಸ್ ಬದಲಾದಾಗೆಲ್ಲ ಒಂದೆರಡು ಫ್ರೇಮ್ ಬಣ್ಣ ಮಿಣುಕತ್ತೆ, ಮತ್ತೆ ಗ್ರೀನ್ ಕಮ್ಮಿ ಮಾಡಿದ್ರೆ ಬಲ್ಬು, ಆಕಾಶ ಎಲ್ಲಾ ಗುಲಾಬಿ ಆಗೋಗತ್ತೆ. ಎಲ್ಲಿ ತಪ್ಪಿದೀನಿ?

ಕಚ್ಚಾ_ಚಿತ್ರ:
ಗುಲಾಬಿ ಯಾಕಾಗತ್ತೆ ಅಂದ್ರೆ ನೀವು ಗೇನ್ 1ಕ್ಕಿಂತ ಕೆಳಗೆ ಇಳಿಸೋಕೆ ಬಿಟ್ಟಿದೀರ. ಬಲ್ಬ್ ಇರೋ ಜಾಗದಲ್ಲಿ ಮೂರೂ ಬಣ್ಣದ ಪಿಕ್ಸೆಲ್ ತುಂಬಿ 1023ಕ್ಕೆ ನಿಂತಿರತ್ತೆ, ಅಲ್ಲಿ ಗ್ರೀನ್‌ನ 0.8ರಿಂದ ಗುಣಿಸಿದ್ರೆ ಅದು ಸುಮಾರು 818ಕ್ಕೆ ಬರತ್ತೆ, ರೆಡ್ಡು ಬ್ಲೂ ಮಾತ್ರ ಮೇಲೇ ಉಳಿಯತ್ತೆ, ಹಸಿರು ಕಮ್ಮಿಯಾದ ಬಿಳಿ ಅಂದ್ರೆ ಗುಲಾಬಿನೇ. ಅದಕ್ಕೇ ಮೂರರಲ್ಲಿ ಯಾವುದು ಚಿಕ್ಕದೋ ಅದನ್ನ 1ಕ್ಕೆ ಕಟ್ಟಿಹಾಕಿ ಉಳಿದದ್ದನ್ನ ಅದರ ಮೇಲೆ ಏರಿಸಿ. ಸಾಮಾನ್ಯವಾಗಿ ಗ್ರೀನೇ ಜಾಸ್ತಿ ಸಿಗ್ನಲ್ ಕೊಡೋದ್ರಿಂದ ಅದೇ 1 ಆಗಿರತ್ತೆ, ಆದ್ರೆ ತುಂಬಾ ಹಳದಿ ಬೆಳಕಲ್ಲಿ ರೆಡ್ ಮುಂದೆ ಹೋಗಬಹುದು, ಆಗ ಗ್ರೀನ್ ಮತ್ತೆ ಬ್ಲೂ ಏರಿಸ್ಬೇಕೇ ಹೊರತು ರೆಡ್ ಇಳಿಸಬಾರದು. ಡ್ರೈವರ್‌ನಲ್ಲಿ ಕನಿಷ್ಠ 256 ಅಂತ ಇಟ್ಬಿಡಿ.

ಫ್ರೇಮ್_ಕಾವಲು:
ಮಿಣುಕೋದು ಬೇರೆ ಕಥೆ. ನಾಲ್ಕು ಕಂಟ್ರೋಲ್ ಬೇರೆಬೇರೆ ಇದ್ರೆ ಸೆನ್ಸರ್‌ಗೆ ನಾಲ್ಕು ಸಲ ಐ2ಸಿ (ರಿಜಿಸ್ಟರ್ ಬರೆಯೋ ಸೀರಿಯಲ್ ಸಂಪರ್ಕ) ಬರಹ ಹೋಗತ್ತೆ, ನಡುವೆ ಫ್ರೇಮ್ ಶುರುವಾದ್ರೆ ಅರ್ಧ ಹೊಸದು ಅರ್ಧ ಹಳೇದು. ನಾಲ್ಕನ್ನೂ ಒಂದೇ ಅರೇ ಕಂಟ್ರೋಲ್ ಮಾಡಿ, ಇಲ್ಲಾ ಕ್ಲಸ್ಟರ್ ಮಾಡಿ (ನಾಲ್ಕನ್ನೂ ಒಟ್ಟಿಗೇ ಬದಲಾಗೋ ಗುಂಪು ಮಾಡೋದು), ಸೆನ್ಸರ್‌ನಲ್ಲಿ ಗ್ರೂಪ್ ಹೋಲ್ಡ್ (ಬರೆದದ್ದನ್ನೆಲ್ಲ ಹಿಡಿದಿಟ್ಟು ಒಂದೇ ಸಲ ಜಾರಿ ಮಾಡೋ ಸೌಲಭ್ಯ) ಇದ್ರೆ ಅದರೊಳಗೆ ಬರೀರಿ.

ಪಿಕ್ಸೆಲ್_ಪಯಣ:
ತುಂಬಾ ಥ್ಯಾಂಕ್ಸ್, ಮಿಣುಕೋದು ನಿಂತೋಯ್ತು! ಆಮೇಲೆ ಪ್ರಯೋಗಕ್ಕೆ ಅಂತ ಗೇನ್‌ನ ಸೆನ್ಸರ್‌ನಿಂದ ತೆಗೆದು ನನ್ನ ಪ್ರೋಸೆಸಿಂಗ್ ಕೋಡ್‌ಗೆ ಹಾಕಿದೆ, ಈಗ ಕತ್ತಲೆ ಜಾಗ ಎಲ್ಲಾ ಕೆಂಪು ಛಾಯೆ. ಬ್ಲ್ಯಾಕ್ ಲೆವೆಲ್ (ಪೂರ್ತಿ ಕತ್ತಲಲ್ಲೂ ಸೆನ್ಸರ್ ಕೊಡೋ ಬೆಲೆ) 64 ಕೊನೆಗೆ ಕಳೀತಿದೀನಿ.

ಕಚ್ಚಾ_ಚಿತ್ರ:
ಮೊದಲು ಕಳೀರಿ, ಆಮೇಲೆ ಗುಣಿಸಿ. ರೆಡ್ ಗೇನ್ 2 ಇದ್ರೆ ಪೂರ್ತಿ ಕಪ್ಪು ಪಿಕ್ಸೆಲ್‌ನ 64 ಹೋಗಿ 128 ಆಗತ್ತೆ, ಕೊನೆಗೆ 64 ಕಳೆದ್ರೂ ಇನ್ನೂ 64 ಉಳೀತಲ್ಲ, ಆ ಕೆಂಪು ಅದೇ. ಗೇನ್ ಈಕಡೆ ತಂದಿದ್ದು ಒಳ್ಳೇದೇ ಆಯ್ತು, ಸೆನ್ಸರ್ ಒಳಗೆ 10 ಬಿಟ್‌ನಲ್ಲೇ ಗುಣಿಸಿದ್ರೆ ಮೇಲಿನದು ಅಲ್ಲೇ ಕತ್ತರಿಸಿಹೋಗತ್ತೆ, ಮತ್ತೆ ವಾಪಸ್ ಸಿಗಲ್ಲ.

ಜಾಲರಿ_ಮನೆ:
ತಡವಾಗಿ ಬಂದೆ, ಆದ್ರೂ ಸ್ಲೈಡರ್ ವಿಷಯ ಯಾರೂ ಮುಟ್ಟಲಿಲ್ಲ ಅಂತ ಬರೀತಿದೀನಿ. ಜಿಆರ್ ಜಿಬಿನ ದಯವಿಟ್ಟು ಬಳಕೆದಾರರ ಕೈಗೆ ಕೊಡಬೇಡಿ. ಜಿಆರ್ ಇರೋದು ಕೆಂಪಿನ ಸಾಲಲ್ಲಿ, ಜಿಬಿ ನೀಲಿ ಸಾಲಲ್ಲಿ, ಪಕ್ಕದ ಪಿಕ್ಸೆಲ್‌ನಿಂದ ಸೋರೋ ಬೆಳಕು ಎರಡಕ್ಕೂ ಒಂದೇ ಥರ ಇರಲ್ಲ, ಆ ಸಣ್ಣ ವ್ಯತ್ಯಾಸ ಸರಿಮಾಡೋಕೆ ಎರಡು ರಿಜಿಸ್ಟರ್ ಕೊಟ್ಟಿರೋದು. ಅದು ಕ್ಯಾಲಿಬ್ರೇಷನ್ ಫೈಲ್‌ನಲ್ಲಿ ಇರ್ಬೇಕಾದ ಸಂಖ್ಯೆ. ಯಾರೋ ಒಂದನ್ನೇ ಎಳೆದ್ರೆ ಡಿಮೊಸೈಕ್ (ಪ್ರತಿ ಪಿಕ್ಸೆಲ್‌ಗೂ ಮೂರು ಬಣ್ಣ ತುಂಬೋ ಹಂತ) ಆದ್ಮೇಲೆ ಚಿತ್ರದ ತುಂಬಾ ಜಾಲರಿ ಥರ ಗೆರೆ ಬರತ್ತೆ. ಡ್ರೈವರ್ ನಾಲ್ಕೂ ಕೊಡಲಿ, ಹಾರ್ಡ್‌ವೇರ್‌ನಲ್ಲಿ ಇರೋದನ್ನ ಅದು ಮುಚ್ಚಿಡಬಾರದು, ಆ್ಯಪ್‌ನಲ್ಲಿ ಎರಡು ಸಾಕು. ಲಿನಕ್ಸ್‌ನ ಕ್ಯಾಮೆರಾ ಲೈಬ್ರರಿ ಲಿಬ್‌ಕ್ಯಾಮೆರಾ ಕೂಡ ಕಲರ್ ಗೇನ್ಸ್ ಅಂತ ಮೊದಲು ರೆಡ್ ಆಮೇಲೆ ಬ್ಲೂ, ಎರಡೇ ಸಂಖ್ಯೆ ತಗೊಳ್ಳೋದು. ಮ್ಯಾನುಯಲ್ ಗೇನ್ ಹಾಕಿದಾಗ ಆಟೋ ವೈಟ್ ಬ್ಯಾಲೆನ್ಸ್ ಆಫ್ ಇರ್ಬೇಕು, ಇಲ್ದಿದ್ರೆ ಇಬ್ಬರೂ ಜಗ್ಗಾಡ್ತಾರೆ. ಸ್ಲೈಡರ್‌ನ ಲಾಗ್ ಸ್ಕೇಲ್‌ನಲ್ಲಿ ಇಡಿ, 1ರಿಂದ 2ಕ್ಕೂ 2ರಿಂದ 4ಕ್ಕೂ ಒಂದೇ ದೂರ ಇದ್ರೆ ಕೈಗೆ ಹಿತ.

ಪಿಕ್ಸೆಲ್_ಪಯಣ:
ಗೆರೆ ನಾನೂ ನೋಡಿದ್ದೆ, ಡಿಮೊಸೈಕ್ ಕೋಡ್ ಬಗ್ ಅನ್ಕೊಂಡು ಒಂದು ವಾರ ಅದನ್ನೇ ಹುಡುಕ್ತಿದ್ದೆ. ಸ್ಲೈಡರ್ ಎರಡಕ್ಕೆ ಇಳಿಸ್ತಿದೀನಿ, ಡ್ರೈವರ್‌ನಲ್ಲಿ ನಾಲ್ಕರ ಅರೇ ಹಾಗೇ ಇರತ್ತೆ.