‘ಹೋಮಿಯೋಸ್ಟಾಸಿಸ್’ಗೆ ಫಲಕದ ಮೇಲೆ ಏನೆಂದು ಬರೆಯಬೇಕು?

ಪ್ರಶ್ನೆ:
ಮಾನ್ಯರೆ, ಪ್ರೌಢಶಾಲೆಯ ಮಕ್ಕಳಿಗಾಗಿ ಏರ್ಪಡಿಸಿರುವ ಮಾನವ ಶರೀರಕ್ರಿಯೆಯ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೇಹವು ತನ್ನ ಶಾಖ, ರಕ್ತದ ಸಕ್ಕರೆ, ನೀರು, ಲವಣ ಇವನ್ನು ಮಿತಿಯೊಳಗೆ ಕಾಯ್ದುಕೊಳ್ಳುವುದಕ್ಕೆ, ಅಂದರೆ ಹೋಮಿಯೋಸ್ಟಾಸಿಸ್‌ಗೆ, ‘ಸಮಸ್ಥಿತಿ’ ಎಂದು ಬರೆದಿದ್ದೇನೆ. ಜೊತೆಗಾರರು ‘ಸಮತೋಲನ’ವೇ ಸಾಕೆನ್ನುತ್ತಾರೆ. ನಾಳೆ ಸಂಜೆ ಎಲ್ಲವೂ ಅಚ್ಚಿಗೆ ಹೋಗಬೇಕು. ಯಾವುದು ಸರಿ?

ಉತ್ತರ:
ಎರಡೂ ಬೇಡ. ಹೋಮಿಯೋಸ್ಟಾಸಿಸ್ ಎಂದೇ ಬರೆಯಿರಿ. ಇನ್ಸುಲಿನ್, ಹಾರ್ಮೋನು ಇವನ್ನೆಲ್ಲ ಒಪ್ಪಿಕೊಂಡವರಿಗೆ ಇದೊಂದು ಭಾರವಾಗಲಾರದು. ಹೊಸ ಪದ ಟಂಕಿಸುವ ಚಟದಿಂದ ಯಾವ ವಿದ್ಯಾರ್ಥಿಗೂ ಉಪಕಾರವಾಗಿಲ್ಲ.

ಇನ್ನೊಂದು ಉತ್ತರ:
ಇನ್ಸುಲಿನ್ ಎಂಬುದು ವಸ್ತುವಿನ ಹೆಸರು. ವಸ್ತುವಿನೊಡನೆ ಹೆಸರೂ ಬರಲಿ, ನನ್ನ ತಕರಾರಿಲ್ಲ. ಹೋಮಿಯೋಸ್ಟಾಸಿಸ್ ಒಂದು ಪರಿಕಲ್ಪನೆ. ಅದರ ಲಿಪಿಯನ್ನಷ್ಟೇ ಬದಲಿಸಿ ಫಲಕಕ್ಕೇರಿಸಿದರೆ ಮಕ್ಕಳಿಗೆ ಏನೂ ತಿಳಿಸಿದಂತಾಗುವುದಿಲ್ಲ.

‘ಸಮತೋಲನ’ ಸಲ್ಲದು, ದೇಹ ಬೀಳದಂತೆ ನೋಡಿಕೊಳ್ಳುವ ಒಳಗಿವಿ, ಕಿರುಮೆದುಳುಗಳ ಫಲಕಕ್ಕೆ ಅದೇ ಪದ ಬೇಕಾಗುತ್ತದೆ. ‘ಸಮಸ್ಥಿತಿ’ಯ ದೋಷ ಇನ್ನೂ ಆಳದ್ದು. ಸುತ್ತಲಿನ ಗಾಳಿಯೊಡನೆ ದೇಹದ ಶಾಖ ಸಮವಾಗುವುದು ಸತ್ತ ಮೇಲೆ. ಬದುಕಿರುವ ದೇಹ 20 ಡಿಗ್ರಿಯ ಕೋಣೆಯಲ್ಲಿಯೂ ಶಕ್ತಿ ವ್ಯಯಿಸಿ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಉಳಿಯುತ್ತದೆ, ಅದೂ ಬೆಳಗಿನ ಜಾವ ತುಸು ಇಳಿದು, ಸಂಜೆ ತುಸು ಏರಿ. ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಇರುವ ರಕ್ತದ ಸಕ್ಕರೆ ಉಂಡ ಮೇಲೆ ಏರುತ್ತದೆ, ಇನ್ಸುಲಿನ್ ಅದನ್ನು ಇಳಿಸುತ್ತದೆ, ತೀರ ಇಳಿದರೆ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು ಯಕೃತ್ತಿನಲ್ಲಿರುವ ಸಕ್ಕರೆಯ ದಾಸ್ತಾನನ್ನು ಬಿಡಿಸುತ್ತದೆ. 1926ರಲ್ಲಿ ‘ಹೋಮಿಯೋಸ್ಟಾಸಿಸ್’ ಪದವನ್ನು ಟಂಕಿಸಿದ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್, ‘ಅದೇ’ ಎಂಬರ್ಥದ ಗ್ರೀಕ್ ರೂಪವನ್ನು ಬಿಟ್ಟು ‘ಅದರಂಥದು’ ಎಂಬರ್ಥದ್ದನ್ನು ಆರಿಸಿದ್ದು ಈ ಏರಿಳಿತಕ್ಕೆ ಎಡೆಯಿರಲೆಂದೇ. ನಿಮ್ಮ ‘ಸಮ’ ಆ ಎಡೆಯನ್ನು ಮುಚ್ಚಿಬಿಡುತ್ತದೆ.

ನನ್ನ ಸೂಚನೆ ‘ಒಳಹದ’. ಹಳಗನ್ನಡದ ‘ಪದನ್’ ಇದರ ಮೂಲ; ತಮಿಳಿನ ‘ಪದಂ’, ತೆಲುಗಿನ ‘ಪದನು’ ಇದೇ ಬಳಗದವು. ಮಳೆಯಾದ ಹೊಲ ಹದಕ್ಕೆ ಬಂದಿದೆ ಎನ್ನುವಾಗ ತೇವ ಇಂತಿಷ್ಟೇ ಎಂದು ಯಾರೂ ಗೆರೆ ಎಳೆಯುವುದಿಲ್ಲ. ಕೆಸರಿಗೂ ಹೆಂಟೆಗೂ ನಡುವೆ ಇದ್ದರೆ ನೇಗಿಲು ಹೂಡುತ್ತಾರೆ. ಶರೀರಕ್ರಿಯೆಯಲ್ಲಿಯೂ ಮಾತು ಅದೇ. ‘ಒಳ’ ಏಕೆಂದರೆ, ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜೀವಕೋಶಗಳನ್ನು ಸುತ್ತುವರಿದ ದ್ರವವನ್ನು ದೇಹದ ಒಳ ಪರಿಸರವೆಂದು ಗುರುತಿಸಿ, ಕಾಯಬೇಕಾದದ್ದು ಅದನ್ನೆಂದು ತೋರಿಸಿದ್ದರು. ಇನ್ನು ‘ಆರೋಗ್ಯ ಹದಗೆಟ್ಟಿದೆ’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಕೆಡುವುದಕ್ಕೆ ಒಪ್ಪಿದ ಪದ ಉಳಿಯುವುದಕ್ಕೆ ಏಕೆ ಒಲ್ಲದು? ‘ದೇಹಹದ’ ಎಂದು ಮಾತ್ರ ಮಾಡಬೇಡಿ, ಅದು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸ.

ಮೊದಲ ಉತ್ತರದವರು:
ಅರಿಸಮಾಸದ ಭಯ ಇಂದು ಯಾರಿಗಿದೆ? ಹದ ಒಂದು ಸ್ಥಿತಿ. ಇಲ್ಲಿರುವುದು ನಿಯಂತ್ರಣ. ನಿಮ್ಮ ಪದ ಅದನ್ನು ಹೇಳುವುದಿಲ್ಲ.

ಮರು ಉತ್ತರ:
ಕ್ಯಾನನ್ ಆರಿಸಿದ ‘ಸ್ಟಾಸಿಸ್’ ಕೂಡ ನಿಲುವನ್ನಷ್ಟೇ ಹೇಳುತ್ತದೆ. ನಿಯಂತ್ರಣವನ್ನು ವಿವರಣೆಯೇ ಹೊರಬೇಕು. ಗ್ರೀಕಿಗೆ ಕೊಟ್ಟ ರಿಯಾಯಿತಿಯನ್ನು ಕನ್ನಡಕ್ಕೆ ಏಕೆ ಕೊಡಬಾರದು? ಕೇಳಿದವರಿಗೆ: ದೊಡ್ಡ ಅಕ್ಷರದಲ್ಲಿ ‘ಒಳಹದ’, ಕೆಳಗೆ ಸಣ್ಣದಾಗಿ ‘ಹೋಮಿಯೋಸ್ಟಾಸಿಸ್’, ಅದರಡಿ ‘ಹೊರಗೆ ಏನೇ ಬದಲಾದರೂ ದೇಹ ತನ್ನೊಳಗಿನ ಶಾಖ, ಸಕ್ಕರೆ, ನೀರು, ಲವಣಗಳನ್ನು ಹದದಲ್ಲಿ ಇಟ್ಟುಕೊಳ್ಳುವುದು’ ಎಂದು ಹಾಕಿ ಅಚ್ಚಿಗೆ ಕೊಡಿ.